ಕ್ಯಾಮ್ ಮೇಲೇರಿಸುವ ಮುನ್ನ ಸಂಪ್ ಇಳಿಸಿ ನೋಡಲಿ

ಮಾನ್ಯ ಸಂಪಾದಕರೇ,

ವಿರಾಜಪೇಟೆ ಕಡೆಯ ಯುವಕರೊಬ್ಬರು ತಮ್ಮ ಮನೆಯ 1948ರ ಷೆವರ್ಲೆ ಕಾರಿನ ಆರು ಸಿಲಿಂಡರ್ ಎಂಜಿನ್‌ಗೆ ಓವರ್‌ಹೆಡ್ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ಶಾಫ್ಟನ್ನು ಎಂಜಿನ್ನಿನ ತಲೆಯ ಮೇಲೆ ಕೂರಿಸುವ ವ್ಯವಸ್ಥೆ) ಅಳವಡಿಸಲು ಹೊರಟಿರುವ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು. ಹಳೆಯ ಕಾರನ್ನು ಗುಜರಿಗೆ ಹಾಕದೆ, ಅದರ ಎಂಜಿನ್ ಬಿಚ್ಚಿಕೊಂಡು ಕೂರುವ ಹುಡುಗರು ಕೊಡಗಿನಲ್ಲಿ ಇನ್ನೂ ಇದ್ದಾರೆಂಬುದು ನನ್ನಂಥವರಿಗೆ ದೊಡ್ಡ ಸಮಾಧಾನ. ಆದರೆ ಕ್ಯಾಮ್ ಮೇಲಕ್ಕೆ ಹೋದರೆ ಶಕ್ತಿ ಹೆಚ್ಚುತ್ತದೆ ಎಂಬಷ್ಟಕ್ಕೇ ಆ ಬರಹ ನಿಂತುಬಿಟ್ಟದ್ದರಿಂದ, ಅದೇ ಎಂಜಿನ್ನಿನ 1947ರ ಕಾರನ್ನು ತಾತನ ಕಾಲದಿಂದ ತೋಟದ ಶೆಡ್ಡಿನಲ್ಲಿ ಉಳಿಸಿಕೊಂಡು ಬಂದಿರುವ ನಾನು ಕೆಲವು ಮಾತುಗಳನ್ನು ಹೇಳಲೇಬೇಕೆನಿಸಿದೆ.

ಈ ಎಂಜಿನ್ನಿನಲ್ಲಿ ಗಾಳಿ, ಹೊಗೆಗಳ ದಾರಿಯನ್ನು ತೆರೆದು ಮುಚ್ಚುವ ವಾಲ್ವ್‌ಗಳು ಈಗಾಗಲೇ ಹೆಡ್ಡಿನಲ್ಲಿಯೇ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲಿಯೇ ಇವೆ. ಸಿಲಿಂಡರ್‌ಗಳಿರುವ ಬ್ಲಾಕಿನ ಬದಿಯಲ್ಲಿ ಮಲಗಿರುವ ಕ್ಯಾಮ್‌ಶಾಫ್ಟ್ ಉದ್ದನೆಯ ಪುಶ್‌ರಾಡ್‌ಗಳನ್ನು ಮೇಲಕ್ಕೆ ತಳ್ಳಿ, ರಾಕರ್‌ಗಳ ಮೂಲಕ ಅವುಗಳನ್ನು ತೆರೆಯುತ್ತದೆ. ಕ್ಯಾಮನ್ನು ಹೆಡ್ಡಿನ ಮೇಲಕ್ಕೆ ತಂದರೆ ಟ್ಯಾಪೆಟ್, ಪುಶ್‌ರಾಡ್‌ಗಳ ಭಾರ ತಪ್ಪುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗಲೂ ಸ್ಪ್ರಿಂಗ್‌ಗಳು ವಾಲ್ವ್‌ಗಳನ್ನು ಸಕಾಲಕ್ಕೆ ಮುಚ್ಚಬಲ್ಲವು. ಲಾಭವಿರುವುದು ಈ ಹೆಚ್ಚಿನ ವೇಗದಲ್ಲಿ ಮಾತ್ರ. 216.5 ಘನ ಇಂಚಿನ, ಅಂದರೆ ಸುಮಾರು ಮೂರೂವರೆ ಲೀಟರಿನ ಈ ಎಂಜಿನ್ ತನ್ನ 90 ಅಶ್ವಶಕ್ತಿಯನ್ನು ನಿಮಿಷಕ್ಕೆ 3300 ಸುತ್ತುಗಳಲ್ಲೇ ಕೊಟ್ಟು ಮುಗಿಸುತ್ತದೆ. ಅದರ ನಿಜವಾದ ಎಳೆತವಂತೂ ಅದಕ್ಕಿಂತ ಎಷ್ಟೋ ಕಡಿಮೆ ವೇಗದಲ್ಲಿಯೇ ಸಿಗುತ್ತದೆ. ಮೂರೇ ಗೇರಿನ ಈ ಕಾರು ಸಂಪಾಜೆಯಿಂದ ಮಡಿಕೇರಿಗೆ ಎರಡನೆಯ ಗೇರಿನಲ್ಲಿ ಗೊಣಗದೆ ಹತ್ತುವುದು ಆ ಎಳೆತದಿಂದಲೇ.

ವೇಗ ಹೆಚ್ಚಿಸಲೇಬೇಕೆಂದರೆ ಮೊದಲು ನೋಡಬೇಕಾದದ್ದು ಎಂಜಿನ್ನಿನ ತಳವನ್ನು. ನಮ್ಮ ಕಾರಿನ ಸಂಪ್, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯನ್ನು ಇಳಿಸಿದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟಿಗೆ, ಸೇರಿಸುವ ಒಂದೊಂದು ಕನೆಕ್ಟಿಂಗ್ ರಾಡಿನ ತುದಿಯಲ್ಲಿಯೂ ಸಣ್ಣ ಚಮಚದಂಥ ತುಂಡೊಂದಿದೆ. ಅದು ಕೆಳಗಿನ ತೊಟ್ಟಿಯಲ್ಲಿರುವ ಆಯಿಲ್ಲನ್ನು ತಿರುಗಿದಾಗಲೆಲ್ಲ ಎತ್ತಿಕೊಂಡು ಬೇರಿಂಗಿಗೆ ಉಣಿಸುತ್ತದೆ. ಇಂದಿನ ಎಂಜಿನ್‌ಗಳಂತೆ ಕ್ರ್ಯಾಂಕಿನೊಳಗಿಂದ ಒತ್ತಡದಲ್ಲಿ ಬರುವ ಆಯಿಲ್ ಈ ರಾಡ್‌ಗಳಿಗೆ ಸಿಗುವುದಿಲ್ಲ. ಬೇರಿಂಗ್‌ಗಳಾದರೂ ಅಂಗಡಿಯಲ್ಲಿ ಕೊಂಡು ಕೂರಿಸುವ ಶೆಲ್‌ಗಳಲ್ಲ, ರಾಡಿಗೇ ಎರಕ ಹೊಯ್ದು ಕಡೆದ ಬಿಳಿ ಲೋಹ. ಕ್ರ್ಯಾಂಕಿಗೆ ಆಸರೆಯಾಗಿರುವುದು ನಾಲ್ಕೇ ಮೇನ್ ಬೇರಿಂಗ್. ಇಂಥ ತಳದ ಮೇಲೆ 5000 ಸುತ್ತು ತಿರುಗಬಲ್ಲ ಹೆಡ್ ಕೂರಿಸಿದರೆ, ಮೊದಲ ದೊಡ್ಡ ಪ್ರಯಾಣದಲ್ಲೇ ಆ ಬಿಳಿ ಲೋಹ ಕರಗಿ ಸಂಪಿಗೆ ಬೀಳುವ ಅಪಾಯವಿದೆ. 1954ರಿಂದ ಷೆವರ್ಲೆಯ 235 ಘನ ಇಂಚಿನ ಕಾರು ಎಂಜಿನ್‌ಗಳೆಲ್ಲಕ್ಕೂ ಪೂರ್ಣ ಒತ್ತಡದ ಆಯಿಲ್ ವ್ಯವಸ್ಥೆ ಬಂದಿತು. ಪ್ರಯೋಗಕ್ಕೆ ಅಂಥ ಒಂದು ಬ್ಲಾಕನ್ನು ಹುಡುಕಿಕೊಳ್ಳುವುದೇ ಸರಿ.

ಎರಡನೆಯದಾಗಿ, ಹಳೆಯ ಕ್ಯಾಮ್‌ಶಾಫ್ಟಿಗೆ ವಾಲ್ವ್ ತೆರೆಯುವುದೊಂದೇ ಕೆಲಸವಲ್ಲ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಆಯಿಲ್ ಪಂಪ್, ಪೆಟ್ರೋಲ್ ಪಂಪ್‌ಗಳೂ ಅದರಿಂದಲೇ ನಡೆಯುತ್ತವೆ. ಪಾಂಟಿಯಾಕ್ ಕಂಪನಿ 1966ರಲ್ಲಿ ತನ್ನ ಆರು ಸಿಲಿಂಡರ್ ಎಂಜಿನ್‌ಗೆ ಬೆಲ್ಟಿನಿಂದ ನಡೆಯುವ ಓವರ್‌ಹೆಡ್ ಕ್ಯಾಮ್ ತಂದಾಗ, ಈ ಮೂರನ್ನೂ ನಡೆಸಲು ಬ್ಲಾಕಿನ ಪಕ್ಕದಲ್ಲಿ ಬೇರೆಯೇ ಒಂದು ಪೆಟ್ಟಿಗೆ ಕೂರಿಸಬೇಕಾಯಿತು. ನಮ್ಮ ಮಟ್ಟದ ವರ್ಕ್‌ಶಾಪಿಗೆ ಸುಲಭವಾದದ್ದೆಂದರೆ ಹಳೆಯ ಕ್ಯಾಮಿನ ವಾಲ್ವ್ ಉಬ್ಬುಗಳನ್ನು ಉಜ್ಜಿ ತೆಗೆದು, ಶಾಫ್ಟನ್ನು ಅಲ್ಲಿಯೇ ತಿರುಗಲು ಬಿಡುವುದು. ಜೀಪನ್ನು ಮನೆಯ ದನದಷ್ಟೇ ಅಕ್ಕರೆಯಿಂದ ಕಾಣುವ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಉದಾಹರಣೆಯೂ ಹಿಡಿಸಬಹುದು. 1962ರಲ್ಲಿ ಜೀಪ್‌ಗಳಿಗೆ ಬಂದ ಟಾರ್ನೇಡೊ ಎಂಜಿನ್, ವಾಲ್ವ್‌ಗಳು ಬ್ಲಾಕಿನ ಪಕ್ಕದಲ್ಲಿದ್ದ ಹಳೆಯ ಆರು ಸಿಲಿಂಡರ್ ಎಂಜಿನ್ನಿನ ವಿನ್ಯಾಸದ ಮೇಲೆಯೇ ಓವರ್‌ಹೆಡ್ ಕ್ಯಾಮ್ ಹೆಡ್ ಇಟ್ಟು ಮಾಡಿದ್ದು. ಸಿಲಿಂಡರಿಗೊಂದೇ ಉಬ್ಬು ಎರಡೂ ವಾಲ್ವ್‌ಗಳನ್ನು ತೆರೆಯುವ ಜಾಣ್ಮೆ ಅದರಲ್ಲಿತ್ತು. ಆದರೆ ಅದರ 140 ಅಶ್ವಶಕ್ತಿಗೆ ಗಾಳಿಯ ದಾರಿ, ದಹನ ಕೋಣೆ, ಕಂಪ್ರೆಷನ್ ಎಲ್ಲವೂ ಹೊಸದಾದದ್ದು ಕಾರಣವೆಂಬುದನ್ನು ಮರೆಯಬಾರದು.

ಹೆಡ್ಡಿನ ವಿಷಯದಲ್ಲಿ ನಾನೇ ನಷ್ಟ ಅನುಭವಿಸಿದ್ದೇನೆ. ನಮ್ಮ ಪಿಕಪ್ಪಿನ ಓವರ್‌ಹೆಡ್ ಕ್ಯಾಮ್ ಎಂಜಿನ್ ಘಾಟಿಯಲ್ಲಿ ಕಾದು ಹೆಡ್ ಬಾಗಿದಾಗ, ಪಕ್ಕದ ಜಿಲ್ಲೆಯ ವರ್ಕ್‌ಶಾಪೊಂದರಲ್ಲಿ ಅದರ ಅಡಿಯನ್ನು ಮಾತ್ರ ತುರಿದು ಸಮ ಮಾಡಿಕೊಟ್ಟರು. ಮೇಲೆ ಕ್ಯಾಮ್ ಕೂರುವ ಸಾಲು ಬಾಗಿಯೇ ಉಳಿದಿತ್ತು. ಕ್ಯಾಮನ್ನು ಹಿಡಿದಿಡುವ ಮಧ್ಯದ ಕ್ಯಾಪ್ ಬಿಗಿ ಮಾಡಿದೊಡನೆ ಕ್ಯಾಮ್ ಕೈಯಲ್ಲಿ ತಿರುಗದೆ ಕಚ್ಚಿಕೊಂಡಿತು. ನಾಲ್ಕು ಸಿಲಿಂಡರಿನ ಹೆಡ್ಡಿಗೇ ಈ ಪಾಡಾದರೆ, ಆರು ಸಿಲಿಂಡರಿನ ಉದ್ದನೆಯ ಹೆಡ್ಡಿನಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಆ ಯುವಕರು ಯೋಚಿಸಲಿ. ಅಡಿ ತುರಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ಅದನ್ನು ನಡೆಸುವ ಚೈನ್ ಸಡಿಲಗೊಂಡು ವಾಲ್ವ್ ತೆರೆಯುವ ಟೈಮಿಂಗ್ ಹಿಂದೆ ಬೀಳುತ್ತದೆಂಬುದೂ ನೆನಪಿರಲಿ.

ಕಾನೂನಿನ ಮಾತೂ ಒಂದಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್‌ಗಳು ಮೂಲ ರೂಪದಲ್ಲಿರಬೇಕು. ಆದ್ದರಿಂದ ಮನೆಯ ಕಾರಿನ ಎಂಜಿನ್ನನ್ನು ಮುಟ್ಟದೆ, ಬೇರೆ ಬ್ಲಾಕಿನ ಮೇಲೆ, ಸ್ಟ್ಯಾಂಡಿನಲ್ಲಿಟ್ಟು ಈ ಕೆಲಸ ಮಾಡಬೇಕೆಂದು ಅವರಲ್ಲಿ ಕೈಮುಗಿದು ಕೇಳುತ್ತೇನೆ.

ನಮ್ಮ ಶೆಡ್ಡಿನಲ್ಲಿ ನೀರಿನ ಜಾಕೆಟ್ ಬಿರುಕು ಬಿಟ್ಟ 216.5 ಘನ ಇಂಚಿನ ಬ್ಲಾಕೊಂದು, ಅದರ ಕ್ಯಾಮ್‌ಶಾಫ್ಟ್ ಸಮೇತ ಇದೆ. ಓಡಿಸಲು ಬಾರದಿದ್ದರೂ ಅಳತೆ ತೆಗೆಯಲು, ಡಿಸ್ಟ್ರಿಬ್ಯೂಟರ್ ಗೇರನ್ನು ಕಣ್ಣಾರೆ ನೋಡಲು ಸಾಕು. ಪತ್ರಿಕೆಯ ಮೂಲಕ ಅವರು ತಿಳಿಸಿದರೆ, ಕಾಫಿ ಕೊಯ್ಲು ಮುಗಿದ ಕೂಡಲೇ ನಾನೇ ಪಿಕಪ್ಪಿನಲ್ಲಿ ಹೇರಿಕೊಂಡು ವಿರಾಜಪೇಟೆಗೆ ತಲುಪಿಸುತ್ತೇನೆ.

— ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು