ಆಕ್ಸಿಜನ್ ಪ್ಲಾಂಟ್‌ಗೆ ಬೀಗ ಜಡಿಯಬೇಡಿ

ಮಾನ್ಯರೇ,

ನಾನು ತಾಲೂಕು ಆಸ್ಪತ್ರೆಯೊಂದರ ನಿವೃತ್ತ ಗ್ರೂಪ್ ಡಿ ನೌಕರ. 2021ರ ಮೇ ತಿಂಗಳಲ್ಲಿ ಗಂಡಸರ ವಾರ್ಡನ್ನು ಕೋವಿಡ್ ವಾರ್ಡ್ ಮಾಡಿದಾಗ ಸಿಲಿಂಡರ್ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಕಲಿಸಿರಲಿಲ್ಲ. ಸ್ಪ್ಯಾನರ್ ಕೈಗೆ ಕೊಟ್ಟರು, ಅಷ್ಟೇ.

ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ಕೇಳೋಕೆ ಜಾಸ್ತಿ ಅನಿಸುತ್ತದೆ, ಅಲ್ವಾ? ಹನ್ನೆರಡು ಜನಕ್ಕೆ ನಿಮಿಷಕ್ಕೆ ತಲಾ 10 ಲೀಟರ್ ಬಿಟ್ಟರೆ ಒಂದು ಗಂಟೆಯೂ ಬರುವುದಿಲ್ಲ. ರಾತ್ರಿಯಿಡೀ ಗೇಜಿನ ಮುಳ್ಳು ನೋಡುತ್ತಾ ಕೂತಿರುತ್ತಿದ್ದೆ. ವಾಷರ್ ಸರಿಯಾಗಿ ಕೂರದಿದ್ದರೆ ಬುಸ್ ಅಂತ ಸೋರುತ್ತದೆ. ಸಣ್ಣ ಸೋರಿಕೆ ಕಿವಿಗೆ ಕೇಳಿಸುವುದಿಲ್ಲ, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು. ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟುವ ಹಾಗಿಲ್ಲ, ಬೆಂಕಿ ಹತ್ತಿಕೊಳ್ಳಬಹುದು. ಆ ಎರಡು ತಿಂಗಳು ನಾನು ತಲೆಗೆ ಕೊಬ್ಬರಿ ಎಣ್ಣೆಯನ್ನೇ ಹಚ್ಚಲಿಲ್ಲ.

ಒಳಗೆ ನಮ್ಮ ಸಿಸ್ಟರ್ ಒಬ್ಬರು ಇನ್ನೊಂದು ಉಪಾಯ ಮಾಡಿದ್ದರು. ಯಾರಾದರೂ ಊಟಕ್ಕೆ ಮಾಸ್ಕ್ ತೆಗೆದರೆ ಓಡಿಹೋಗಿ ಫ್ಲೋ ಬಂದ್ ಮಾಡೋರು. ಬೆರಳಿನ ಮೀಟರ್‌ನಲ್ಲಿ ರಕ್ತದ ಆಕ್ಸಿಜನ್ 96 ದಾಟಿದವರಿಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋರು. ಬೋರಲು ಮಲಗಿ ಅಂತ ಗದರಿ ಮಲಗಿಸೋರು. ಎಷ್ಟೋ ಸಿಲಿಂಡರ್ ಉಳಿದದ್ದು ಅವರಿಂದ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಸುದ್ದಿ ಬಂದ ದಿನ ನಾವಿಬ್ಬರೂ ಏನೂ ಮಾತಾಡಲಿಲ್ಲ. ಸುಮ್ನೆ ಖಾಲಿ ಎಷ್ಟು, ತುಂಬಿದ್ದು ಎಷ್ಟು ಅಂತ ಎಣಿಸಿದೆವು.

ಆಮೇಲೆ ನಮ್ಮಲ್ಲೂ ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಪ್ಲಾಂಟ್ ಬಂತು. ಗಾಳಿಯಲ್ಲಿರುವ ನೈಟ್ರೋಜನ್ನನ್ನು ಜಿಯೋಲೈಟ್ ಎಂಬ ಹರಳು ಹಿಡಿದಿಟ್ಟುಕೊಳ್ಳುತ್ತದೆ, ಶೇ 93ರಷ್ಟು ಶುದ್ಧ ಆಕ್ಸಿಜನ್ ಸಿಗುತ್ತದೆ. ಲಾರಿಗೆ ಕಾಯುವ ಗೋಳಿಲ್ಲ. ಆದರೆ ಆ ಹರಳಿಗೆ ತೇವ ಒಗ್ಗುವುದಿಲ್ಲ. ಓಡಿಸದೆ ಬಿಟ್ಟ ಮಷಿನ್ ಒಳಗೆ ತೇವ ಸೇರಿದರೆ ಹಾಳಾಗುತ್ತದೆ. 2022ರ ಡಿಸೆಂಬರ್ 27ರಂದು ದೇಶದಾದ್ಯಂತ ಕೋವಿಡ್ ಸಿದ್ಧತೆಯ ಅಣಕು ಕಾರ್ಯಾಚರಣೆ ನಡೆಯಿತಲ್ಲ, ಆವತ್ತು ನಮ್ಮದೂ ಓಡಿತು, ಫೋಟೊ ಆಯಿತು. ಮೊನ್ನೆ ಬಿಪಿ ಮಾತ್ರೆಗೆ ಹೋದಾಗ ನೋಡಿದೆ, ಬಾಗಿಲಿಗೆ ಬೀಗ. ಕೀಲಿ ಯಾರ ಹತ್ತಿರ ಅಂತ ಕೇಳಿದರೆ ಮೂವರು ಮೂರು ಹೆಸರು ಹೇಳಿದರು. ಓಡಿಸಲು ಕಲಿತಿದ್ದ ಹೊರಗುತ್ತಿಗೆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನಂತೆ.

ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ಅದಕ್ಕೇ ಓಡಿಸಲ್ಲ ಅಂತ ಒಬ್ಬರು ಹೇಳಿದರು. ಬರಲಿ. ಆರೋಗ್ಯ ಇಲಾಖೆಯವರು ಆ ಬಿಲ್ಲಿಗೂ ರಿಪೇರಿಗೂ ಬೇರೆ ದುಡ್ಡು ಕೊಡಲಿ. ವಾರಕ್ಕೊಮ್ಮೆಯಾದರೂ ಪ್ಲಾಂಟ್ ಓಡಿಸಿ, ಓಡಿಸಿದ ದಿನವನ್ನು ಬಾಗಿಲ ಮೇಲೆ ಬರೆಯಲಿ. ಕಾಯಂ ನೌಕರರಲ್ಲೇ ಇಬ್ಬರಿಗೆ ಕೆಲಸ ಕಲಿಸಲಿ. ಸಿಲಿಂಡರ್ ಬದಲಿಸುವುದನ್ನು ಹೇಳಿಕೊಡಲು ನಾನು ತಿಂಗಳಿಗೊಂದು ದಿನ ಬರುತ್ತೇನೆ. ಬಸ್ ಚಾರ್ಜ್ ಕೂಡ ಬೇಡ.

— ನಿವೃತ್ತ ನೌಕರ, ಹಾಸನ ಜಿಲ್ಲೆ