ತ್ಸುಗ್‌ಷ್ಪಿಟ್ಸೆ ಹತ್ತಿ ಬಂದು ಅಪ್ಪಯ್ಯನಿಗೆ

ಮ್ಯೂನಿಕ್

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಆಯಿಯ ಹಾಗೂ ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಬೇಕು.

ಜರ್ಮನಿಯ ಅತಿ ಎತ್ತರದ ಬೆಟ್ಟದ ಮೇಲೆ ಏನಿದೆ ಎಂದು ಫೋನಿನಲ್ಲಿ ಕೇಳಿದಿರಿ. ಎರಡು ಮಾತಿನಲ್ಲಿ ಮುಗಿಸುವ ವಿಷಯ ಅದಲ್ಲವಾದ್ದರಿಂದ ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ತ್ಸುಗ್‌ಷ್ಪಿಟ್ಸೆಯ ಎತ್ತರ 2,962 ಮೀಟರ್. ಅದರ ಒಂದು ಮಗ್ಗುಲು ಬವೇರಿಯಾದ್ದು, ಇನ್ನೊಂದು ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ್ದು. ಹತ್ತುವ ಕಾಲುದಾರಿಗಳಲ್ಲಿ ಆಫೀಸಿನ ಗೆಳತಿಯೂ ನಾನೂ ಆರಿಸಿಕೊಂಡದ್ದು ರೈನ್‌ಟಾಲ್ ಕಣಿವೆಯ ದಾರಿ. ಸುಮಾರು 21 ಕಿಲೋಮೀಟರ್ ನಡಿಗೆ, 2,200 ಮೀಟರ್‌ಗಳಷ್ಟು ಏರು. ಉಳಿದವುಗಳಿಗಿಂತ ಉದ್ದವಾದರೂ ಬಂಡೆಗೆ ಜೋತುಬೀಳುವ ಪ್ರಸಂಗ ಇದರಲ್ಲಿ ಕಡಿಮೆ. 1820ರ ಆಗಸ್ಟ್ 27ರಂದು, ಭೂಮಾಪನದ ಕೆಲಸದಲ್ಲಿದ್ದ ಯೋಸೆಫ್ ನೌಸ್ ಎಂಬ ಸೇನಾಧಿಕಾರಿ ತುದಿ ಮುಟ್ಟಿದ್ದೂ ಇದೇ ಕಣಿವೆಯಿಂದ.

ಗಾರ್ಮಿಷ್-ಪಾರ್ಟೆನ್‌ಕಿರ್ಖೆನ್ ಊರಿನ ಹಳೆಯ ಒಲಿಂಪಿಕ್ ಸ್ಕೀ ಮೈದಾನವನ್ನು ದಾಟಿದ ಸ್ವಲ್ಪ ಹೊತ್ತಿಗೆ ಪಾರ್ಟ್ನಾಖ್ ಹೊಳೆಯ ಕಮರಿ ಎದುರಾಗುತ್ತದೆ. ಎರಡೂ ಬದಿಗೆ ಎಂಬತ್ತು ಮೀಟರಿನಷ್ಟು ಗೋಡೆ. ಬಂಡೆಯನ್ನು ಕೊರೆದು ಮಾಡಿದ ಕಿರಿದಾದ ಹಾದಿ. ಕೆಳಗೆ ಮಾತು ಕೇಳಿಸದಷ್ಟು ಭೋರ್ಗರೆತ. ಹಿಂದೆ ಕಾಡಿನಲ್ಲಿ ಕಡಿದ ಮರಗಳನ್ನು ಇದೇ ಹೊಳೆಯಲ್ಲಿ ತೇಲಿಬಿಡುತ್ತಿದ್ದರಂತೆ. ಮುಂದೆ ಕಣಿವೆಯಲ್ಲಿ ಬೆಟ್ಟ ಕುಸಿದು ಹೊಳೆಗೆ ಅಡ್ಡಬಿದ್ದದ್ದರಿಂದ ಉಂಟಾಗಿದ್ದ ನೀಲಿ ಕೊಳವೊಂದಿತ್ತು. 2005ರ ಪ್ರವಾಹದಲ್ಲಿ ಆ ಅಡ್ಡಗಟ್ಟು ಒಡೆದು, ಈಗ ಅಲ್ಲಿ ಬಿಳಿಯ ಜಲ್ಲಿಯ ಬಯಲು ಮಾತ್ರ ಉಳಿದಿದೆ.

ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದರ ಮೇಲಿನ ಭಾಗದ ವಿಷಯ. ಕಣಿವೆಯ ತುದಿಯಲ್ಲಿ ಪಾರ್ಟ್ನಾಖ್ ಹೊಳೆ ಬಂಡೆಯ ಬುಡದಿಂದ ಒಮ್ಮೆಲೇ ಹೊರಬೀಳುತ್ತದೆ. ಹುಟ್ಟುವಾಗಲೇ ತುಂಬಿದ ಹೊಳೆ ಅದು. ಅಲ್ಲಿಂದ ಏರಿ, 1855ರಲ್ಲಿ ಕಟ್ಟಿದ ಕ್ನೋರ್ ಹ್ಯುಟೆ ಎಂಬ ತಂಗುಮನೆಯಲ್ಲಿ ರಾತ್ರಿ ಕಳೆದು (ಸಾಲು ಹಾಸಿಗೆ, ಅಕ್ಕಪಕ್ಕದವರ ಗೊರಕೆ, ಊಟಕ್ಕೆ ಬೇಳೆಯ ಸೂಪು), ಬೆಳಗ್ಗೆ ಪ್ಲಾಟ್ ಎಂದು ಕರೆಯುವ ವಿಶಾಲವಾದ ಕಲ್ಲುಹಾಸಿಗೆ ಕಾಲಿಟ್ಟೆವು. ಸುತ್ತಲೂ ಶಿಖರಗಳು, ಸಂದುಗಳಲ್ಲಿ ಹಳೆಯ ಹಿಮ. ಹಿಂದಿನ ರಾತ್ರಿ ಮಳೆಯೂ ಚೆನ್ನಾಗಿಯೇ ಬಿದ್ದಿತ್ತು. ಆದರೂ ಅಷ್ಟು ದೊಡ್ಡ ಜಾಗದಲ್ಲಿ ಒಂದು ತೊರೆಯೂ ಕಣ್ಣಿಗೆ ಬೀಳಲಿಲ್ಲ.

ಇದಕ್ಕೆ ಕಾರಣ ಸುಣ್ಣದಕಲ್ಲು. ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ, ಹವಳ, ಪಾಚಿಗಳ ಸುಣ್ಣದಿಂದ ಕಟ್ಟಿಕೊಂಡ ಕಲ್ಲಿದು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ತುಸು ಹುಳಿಯಾಗುವುದರಿಂದ, ಸುಣ್ಣವನ್ನು ಕರಗಿಸುತ್ತಾ ಬಿರುಕುಗಳನ್ನು ಹಿಗ್ಗಿಸಿ ಒಳಗಿಳಿಯುತ್ತದೆ. ಪ್ಲಾಟ್ ಮೇಲೆ ಬಿದ್ದ ಮಳೆ, ಕರಗಿದ ಹಿಮ ಎಲ್ಲವೂ ಹೀಗೆ ಬೆಟ್ಟದೊಳಗೆ ಇಳಿದು, ನೀರು ಬಿಡದ ಕೆಳಪದರದ ಮೇಲೆ ಹರಿದು, ನಾವು ಹಿಂದಿನ ದಿನ ಕಂಡ ಆ ಬಂಡೆಯ ಬುಡದಲ್ಲಿ ಹೊರಬರುತ್ತದೆ. ಯಾಣದ ಭೈರವೇಶ್ವರ ಶಿಖರವೂ ಸುಣ್ಣದಕಲ್ಲಿನದೇ ಎಂದು ನೀವು ಚಿಕ್ಕಂದಿನಲ್ಲಿ ತೋರಿಸಿದ್ದಿರಿ. ಅದು ಇದಕ್ಕಿಂತ ಬಹಳ ಹಳೆಯದು, ಕಪ್ಪು ಬಣ್ಣದ್ದು. ಇಲ್ಲಿಯದು ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಆದರೆ ನೀರು ಕೊರೆದ ಅಂಚುಗಳ ಹರಿತ ಎರಡರಲ್ಲೂ ಒಂದೇ.

ಪ್ಲಾಟ್‌ನ ದಕ್ಷಿಣದ ಅಂಚಿನಲ್ಲಿದ್ದ ಷ್ನೀಫೆರ್ನರ್ ಹಿಮನದಿಯನ್ನು 2022ರಲ್ಲಿ ಹಿಮನದಿಗಳ ಪಟ್ಟಿಯಿಂದಲೇ ತೆಗೆದರು. ಉಳಿದಿದ್ದ ಮಂಜುಗಡ್ಡೆ ತೀರಾ ತೆಳುವಾಗಿ, ಹಿಮನದಿಯಂತೆ ಜರುಗುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಉತ್ತರದ್ದು ಇನ್ನೂ ಇದೆ, ಆದರೆ ಅದೂ ಬೂದುಬಣ್ಣಕ್ಕೆ ತಿರುಗಿದೆ.

ಅಲ್ಲಿಂದ ಮೇಲೆ ಸಡಿಲ ಜಲ್ಲಿಯ ಇಳಿಜಾರು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತದೆ. ಅದು ಮುಗಿದ ಮೇಲೆ ಉಕ್ಕಿನ ಹಗ್ಗ ಬಿಗಿದ ಬಂಡೆಯ ಏಣು. ಏದುಸಿರು ಬಿಡುತ್ತಾ ತುದಿ ಸೇರಿದರೆ, ಕೇಬಲ್ ಕಾರಿನಲ್ಲಿ ಬಂದ ಜನ ಚಪ್ಪಲಿ ಮೆಟ್ಟಿಕೊಂಡು ಬಿಯರ್ ಕುಡಿಯುತ್ತಿದ್ದರು. ನನಗೆ ಕೊಂಚ ಕಿರಿಕಿರಿಯಾದದ್ದು ನಿಜ. ಹಿಂದೆ ಇಲ್ಲಿ ಮೂರು ತುದಿಗಳಿದ್ದವು. ನಡುವಿನದು ಕೇಬಲ್ ಕಾರಿನ ನಿಲ್ದಾಣಕ್ಕೆ ಹೋಯಿತು, ಪಶ್ಚಿಮದ್ದನ್ನು 1938ರಲ್ಲಿ ಸೈನ್ಯದ ಕಟ್ಟಡಕ್ಕೆಂದು ಸಿಡಿಸಿದರು. ಚಿನ್ನದ ಲೇಪದ ಶಿಲುಬೆಯಿರುವ ಪೂರ್ವದ್ದು ಮಾತ್ರ ಉಳಿದಿದೆ. 1851ರಲ್ಲಿ ಮೊದಲ ಶಿಲುಬೆಯನ್ನು ಬಿಡಿಬಿಡಿಯಾಗಿ ಹೊತ್ತು ತಂದು ನಿಲ್ಲಿಸಿದ್ದರು. ದೇಶದ ಗಡಿ ಜಗಲಿಗಳ ನಡುವೆ ಹಾದುಹೋಗುತ್ತದೆ. ಫಲಕವೊಂದನ್ನು ಬಿಟ್ಟರೆ ಬೇರೆ ಗುರುತಿಲ್ಲ, ನಮ್ಮ ಪಾಸ್‌ಪೋರ್ಟನ್ನು ಯಾರೂ ಕೇಳಲಿಲ್ಲ.

ತೋಟದ ಮಳೆಯ ಅಳತೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ನಿಮಗೆ ಇನ್ನೊಂದು ಸಂಗತಿ ಹಿಡಿಸೀತು. ತುದಿಯಲ್ಲಿ 1900ರಿಂದ ಹವಾಮಾನ ಕೇಂದ್ರವಿದೆ. ಅದರ ಮೊದಲ ವೀಕ್ಷಕ ಯೋಸೆಫ್ ಎನ್‌ಟ್ಸೆನ್ಸ್‌ಪೆರ್ಗರ್ ಮೊದಲ ಚಳಿಗಾಲವನ್ನು ಅಲ್ಲಿಯೇ ಕಳೆದು ಉಷ್ಣತೆ, ಗಾಳಿಗಳ ಲೆಕ್ಕ ಬರೆದರು. ಮುಂದೆ ದಕ್ಷಿಣ ಧ್ರುವದ ಸಂಶೋಧನಾ ಯಾತ್ರೆಯ ತಂಡದೊಡನೆ ಹೋಗಿ 1903ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಕೆರ್ಗ್ಯುಲೆನ್ ದ್ವೀಪದಲ್ಲಿ ತೀರಿಕೊಂಡರು.

ಇಳಿಯುವಾಗ ಮೊಣಕಾಲು ಮುಷ್ಕರ ಹೂಡಿದ್ದರಿಂದ ನಾವೂ ಕೇಬಲ್ ಕಾರನ್ನೇ ಹತ್ತಿ, ಸುಮಾರು ಹತ್ತು ನಿಮಿಷಗಳಲ್ಲಿ 1,945 ಮೀಟರ್ ಕೆಳಗಿನ ಐಬ್‌ಸೇ ಕೆರೆಯ ದಂಡೆಗೆ ಬಂದೆವು. ನೀವೂ ಆಯಿಯೂ ಬಂದಾಗ ನಡೆಯಬೇಕಾಗಿಲ್ಲ. 1930ರಿಂದ ಊಟಿಯ ರೈಲಿನಂತೆ ಹಲ್ಲುಹಳಿಯ ರೈಲೊಂದು ಬೆಟ್ಟದೊಳಗಿನ ಸುರಂಗದಲ್ಲಿ ಓಡುತ್ತಿದೆ. ಅದು ಈಗ ನೇರವಾಗಿ ಪ್ಲಾಟ್‌ಗೇ ತಂದು ಬಿಡುತ್ತದೆ. ಅಲ್ಲಿ ಅರ್ಧ ದಿನ ಇದ್ದು, ಮನಸ್ಸಿದ್ದರೆ ತುದಿಗೆ ಹೋಗೋಣ. ಜುಲೈನಲ್ಲೂ ಹಿಮ ಬೀಳುವುದುಂಟಾದ್ದರಿಂದ ಇಬ್ಬರೂ ಉಣ್ಣೆಯ ಟೊಪ್ಪಿ ತರಬೇಕು.

ಇತಿ,
ನಿಮ್ಮ ಪ್ರೀತಿಯ ಮಗಳು