ಮೂರನೇ ತಿಂಗಳಲ್ಲಿ ಬಾಗಿಲು ತಟ್ಟುವವರಿಗಾಗಿ ಒಂದು ಮನವಿ

ಆತ್ಮೀಯರೇ,

ಮನಸ್ಸಿನ ಕಾಯಿಲೆಗೆ ಔಷಧಿ ಇದೆ, ನೋಡುವ ವೈದ್ಯರೂ ಇದ್ದಾರೆ. ಆದರೂ ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಯಾಕೆ ಹೀಗೆ ಎಂದು ಮನೆಮನೆಗೆ ಹೋಗುವ ನಮ್ಮ ಕಾರ್ಯಕರ್ತರನ್ನು ಕೇಳಿ. ಅವರು ಮೂರನೇ ತಿಂಗಳ ಕಥೆ ಹೇಳುತ್ತಾರೆ.

ಖಿನ್ನತೆಗೆ ಕೊಡುವ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ತಕ್ಷಣ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಮಂಪರು ಇವೆಲ್ಲ ಅದಕ್ಕಿಂತ ಮೊದಲೇ ಬಂದುಬಿಡುತ್ತವೆ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ತಾಳಿಕೊಂಡವರಿಗೆ ನಿಧಾನಕ್ಕೆ ನಿದ್ದೆ ಹತ್ತುತ್ತದೆ, ಊಟ ಸೇರುತ್ತದೆ. ಮೂರನೇ ತಿಂಗಳ ಹೊತ್ತಿಗೆ, "ಹುಷಾರಾದೆನಲ್ಲ, ಇನ್ಯಾಕೆ ಮಾತ್ರೆ?" ಅನ್ನಿಸುತ್ತದೆ. ಮನೆಯವರೂ ಹೂಂ ಅನ್ನುತ್ತಾರೆ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಿ ಎಂದು ವೈದ್ಯರು ಸುಮ್ನೆ ಹೇಳುವುದಿಲ್ಲ. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆ ಇದ್ದವರಲ್ಲಂತೂ ಇನ್ನೂ ಜಾಸ್ತಿ.

ಸರಿಯಾಗಿ ಆ ಹೊತ್ತಿಗೆ ಯಾರಾದರೂ ಬಂದು ಬಾಗಿಲು ತಟ್ಟಬೇಕು. ನಮ್ಮ ಟ್ರಸ್ಟಿನ ಮುಖ್ಯ ಕೆಲಸವೇ ಅದು.

ಕಾರ್ಯಕರ್ತೆ ಮನೆಗೆ ಹೋದವರೇ ಮಾತ್ರೆ ಎಣಿಸಲು ಕೂರುವುದಿಲ್ಲ. ನಿದ್ದೆ ಹೇಗಿದೆ, ಸ್ನಾನ ಆಯಿತಾ, ಹೊರಗೆ ಹೋಗಿ ಎಷ್ಟು ದಿನವಾಯಿತು ಎಂದು ವಿಚಾರಿಸುತ್ತಾರೆ. ಒಬ್ಬ ಹುಡುಗ ಎಷ್ಟೋ ವಾರ ಕೋಣೆಯ ಬಾಗಿಲ ಹಿಂದೆಯೇ ನಿಂತು ಉತ್ತರ ಕೊಡುತ್ತಿದ್ದ. ನಮ್ಮವರು ಬಾಗಿಲ ಈಚೆ ಕೂತು ಮಾತಾಡಿ ಬರುತ್ತಿದ್ದರು. ಒಂದು ದಿನ ಅವನೇ ಚಿಲಕ ತೆಗೆದ. ಮಾತ್ರೆಯಿಂದ ಕೈ ನಡುಗುತ್ತಿದೆ, ಅದಕ್ಕೇ ಬಿಟ್ಟೆ ಎಂದ. ಅದನ್ನು ಯಾರಿಗೂ ಹೇಳಿರಲಿಲ್ಲ. ವೈದ್ಯರು ಔಷಧಿ ಬದಲಿಸಿದರು. ಇಷ್ಟೇ ಸಣ್ಣ ವಿಷಯ, ಆದರೆ ಅದು ತಿಳಿಯಲು ಅಷ್ಟು ವಾರ ಬೇಕಾಯಿತು. ಅವನನ್ನು ನೋಡಿಕೊಳ್ಳುತ್ತಿದ್ದ ತಾಯಿಯೂ ಅಷ್ಟು ದಿನ ಸರಿಯಾಗಿ ಮಲಗಿರಲಿಲ್ಲ. ಅವರ ಮಾತನ್ನೂ ಯಾರಾದರೂ ಕೇಳಬೇಕು ಅಲ್ವಾ?

ಇದಕ್ಕೆಲ್ಲ ಮನೋವೈದ್ಯರೇ ಬೇಕೆಂದಿಲ್ಲ. ಜಿಂಬಾಬ್ವೆಯಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದಾಗ, ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಹೊರಗೆ ಒಂದು ಬೆಂಚು ಹಾಕಿದರು. ಅಜ್ಜಿಯರು ಅಲ್ಲಿ ಕೂತು ಜನರ ಕಷ್ಟ ಕೇಳುತ್ತಿದ್ದರು. ಖಿನ್ನತೆ ಅನ್ನುವ ಪದವನ್ನು ಅವರು ಬಳಸುತ್ತಿರಲಿಲ್ಲ. ಅವರ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಎಂಬ ಮಾತಿದೆ, ಅಂದರೆ ವಿಪರೀತ ಯೋಚನೆ. ನಮ್ಮವರು "ಯಾಕೋ ಯೋಚನೆ ಜಾಸ್ತಿ" ಅನ್ನುವುದಿಲ್ಲವೇ, ಅದೇ! ಆ ಬೆಂಚಿನ ಮೇಲೆ ಕೂತು ಮಾತಾಡಿದವರಿಗೆ, ಮಾಮೂಲಿ ಆರೈಕೆ ಪಡೆದವರಿಗಿಂತ 6 ತಿಂಗಳ ನಂತರ ತೊಂದರೆ ಎಷ್ಟೋ ಕಡಿಮೆಯಾಗಿತ್ತು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಕಾರ್ಯಕರ್ತರಿಗೂ ಇಂಥದೇ ತರಬೇತಿ ಕೊಡುತ್ತೇವೆ. ಎಲ್ಲಿ ತಮ್ಮ ಕೆಲಸ ಮುಗಿದು ವೈದ್ಯರ ಕೆಲಸ ಶುರುವಾಗುತ್ತದೆ ಎಂಬುದನ್ನೂ ಅದರಲ್ಲೇ ಕಲಿಸುತ್ತೇವೆ. ಸಾಯುವ ಮಾತು ಬಂದರೆ ಅವರು ಒಂದು ದಿನವೂ ಕಾಯುವುದಿಲ್ಲ.

ಈಗ ಹಣದ ವಿಷಯ. "ನನ್ನ ದೇಣಿಗೆ ಔಷಧಿಗೇ ಹೋಗಲಿ" ಎಂದು ಅನೇಕರು ಕೇಳುತ್ತಾರೆ. ಆ ಕಾಳಜಿ ದೊಡ್ಡದು. ಆದರೆ ಬಿಚ್ಚಿ ಹೇಳಬೇಕು: ನಮ್ಮ ಖರ್ಚಿನ ಹೆಚ್ಚು ಪಾಲು ಕಾರ್ಯಕರ್ತರ ಸಂಬಳಕ್ಕೆ, ಅವರ ಓಡಾಟಕ್ಕೆ, ಫೋನಿಗೆ ಹೋಗುತ್ತದೆ. ಕೊಳ್ಳಲಾಗದವರಿಗೆ ಔಷಧಿ ಕೊಡಿಸುವುದೂ ಉಂಟು. ಆದರೆ ಕೊಡಿಸಿದ ಔಷಧಿ ಡಬ್ಬದಲ್ಲೇ ಉಳಿಯದಂತೆ ನೋಡಿಕೊಳ್ಳಲು ಮನುಷ್ಯರೇ ಬೇಕು.

ಅದಕ್ಕೇ ನಾವು ತಿಂಗಳ ದೇಣಿಗೆ ಕೇಳುತ್ತಿದ್ದೇವೆ. ಒಮ್ಮೆ ದೊಡ್ಡ ಮೊತ್ತ ಕೊಟ್ಟರೂ ಕೃತಜ್ಞತೆಯಿಂದ ಪಡೆಯುತ್ತೇವೆ. ಆದರೆ ಪ್ರತಿ ತಿಂಗಳು ಬರುವ ಸಣ್ಣ ಮೊತ್ತವನ್ನು ನಂಬಿ ಒಬ್ಬ ಕಾರ್ಯಕರ್ತೆಯನ್ನು ಉಳಿಸಿಕೊಳ್ಳಬಹುದು. ಹಣವಿಲ್ಲದೆ ಅವರು ಕೆಲಸ ಬಿಟ್ಟರೆ, ಆ ಹುಡುಗ ಹೊಸಬರಿಗೆ ಮತ್ತೆ ಬಾಗಿಲ ಹಿಂದಿನಿಂದಲೇ ಮಾತು ಶುರು ಮಾಡಬೇಕು.

ಕೊಟ್ಟ ಹಣಕ್ಕೆ ರಶೀದಿ ಕೊಡುತ್ತೇವೆ. ಲೆಕ್ಕ ಯಾರು ಬೇಕಾದರೂ ಬಂದು ನೋಡಬಹುದು. ಚಿಕಿತ್ಸೆ ಪಡೆಯುವವರ ಹೆಸರು, ಫೋಟೋ ಮಾತ್ರ ಯಾರಿಗೂ ತೋರಿಸುವುದಿಲ್ಲ, ದೊಡ್ಡ ದಾನಿಗಳಿಗೂ ಇಲ್ಲ. ಹಣ ಕೊಡಲಾಗದಿದ್ದರೆ ವಾರಕ್ಕೊಂದು ಗಂಟೆ ಕೊಡಿ. ಆಸ್ಪತ್ರೆಗೆ ಒಬ್ಬರ ಜೊತೆ ಹೋಗಿಬರಲು ಜನ ಯಾವಾಗಲೂ ಸಾಲುವುದಿಲ್ಲ.

ಇದನ್ನು ಓದುತ್ತಾ ನಿಮ್ಮ ಮನೆಯವರೇ ಯಾರಾದರೂ ನೆನಪಾದರೆ, ಅಥವಾ ನೀವೇ ನೆನಪಾದರೆ, ದೇಣಿಗೆಯ ಮಾತು ಹಾಗೇ ಇರಲಿ. ಮೊದಲು ನಮಗೊಂದು ಫೋನ್ ಮಾಡಿ.

ಟ್ರಸ್ಟಿನ ಎಲ್ಲ ಕಾರ್ಯಕರ್ತರ ಪರವಾಗಿ